ಓಟ ಮೂರು ತಾಸಿನದು, ಮನೆಯ ಲೆಕ್ಕದಲ್ಲಿ ಏಳು

2025ರ ಆಗಸ್ಟ್ 17, ಭಾನುವಾರ, ಬೆಳಿಗ್ಗೆ 8 ಗಂಟೆ. ಬೆಟ್ಟದ ಓಟದ ತಾಲೀಮಿಗೆ ಅಂತ ಹೋಗಿ, ಪುಣೆ ಹತ್ತಿರದ ಸಿಂಹಗಡ ಕೋಟೆಯ ಮೇಲೆ ಪುಣೆ ದರವಾಜಾ ಹತ್ತಿರ ಮಳೆಯಲ್ಲಿ ನಿಂತಿದ್ದೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿಟ್ಟ ಫೋನು. ದೀಪಾವಳಿಗೆ ಧಾರವಾಡಕ್ಕೆ ಹೋಗುವ ರೈಲಿನ ಬುಕಿಂಗ್ ಅದೇ ಹೊತ್ತಿಗೆ ಶುರುವಾಗುವುದಿತ್ತು. ಮೊದಲು 120 ದಿನ ಮುಂಚೆಯೇ ಟಿಕೆಟ್ ತೆಗೆಯಬಹುದಿತ್ತು, 2024ರ ನವೆಂಬರ್‌ನಿಂದ ಅದು 60 ದಿನಕ್ಕೆ ಇಳಿದಿದೆ. ಹಾಗಾಗಿ ಅಕ್ಟೋಬರ್ 16ರ ರಾತ್ರಿ ಹೊರಡಬೇಕು ಅಂದರೆ ಆಗಸ್ಟ್ 17ರ ಬೆಳಿಗ್ಗೆ 8ಕ್ಕೆ ಸರಿಯಾಗಿ ಕೂತು ಬುಕ್ ಮಾಡಬೇಕು. ಹಬ್ಬದ ಸೀಟುಗಳು ಹತ್ತು ನಿಮಿಷದಲ್ಲಿ ಖಾಲಿಯಾಗುತ್ತವೆ, ಇದು ಪುಣೆಯಲ್ಲಿರುವ ನಮ್ಮ ಕಡೆಯವರಿಗೆಲ್ಲ ಗೊತ್ತಿರುವ ವಿಷಯ. ನನಗೂ ಗೊತ್ತಿತ್ತು. ‘ನಾನೇ ಮಾಡ್ತೀನ್ರಿ, ಗಡದ ಮ್ಯಾಲೆ ನೆಟ್‌ವರ್ಕ್ ಇರ್ತದ’ ಅಂತ ಹಿಂದಿನ ರಾತ್ರಿ ಮನೆಯವರಿಗೆ ಹೇಳಿ ಮಲಗಿದ್ದೆ.

ಮೇಲೆ ಮಂಜು. ಹತ್ತು ಹೆಜ್ಜೆ ಆಚೆಗಿನ ಮನುಷ್ಯ ಕಾಣುತ್ತಿರಲಿಲ್ಲ. ನೆಟ್‌ವರ್ಕ್ ಒಂದು ಗೆರೆ ಬರುವುದು, ಹೋಗುವುದು. ಒದ್ದೆ ಬೆರಳಿಗೆ ಫೋನಿನ ಪರದೆ ಒಗ್ಗುತ್ತಲೇ ಇರಲಿಲ್ಲ. ಅಂಗಿಗೆ ಒರೆಸಿದರೆ ಅಂಗಿಯೇ ಒದ್ದೆ. ಐವರ ಹೆಸರು, ವಯಸ್ಸು ತುಂಬುವಷ್ಟರಲ್ಲಿ ಎರಡು ಸಲ ಹೊರಗೆ ಹಾಕಿತು. ಮೂರನೇ ಸಲ ಒಳಗೆ ಹೋದಾಗ 8:25. ವೇಟಿಂಗ್ ಲಿಸ್ಟ್. ಕೆಳಗೆ ಇಳಿದು ಗಡದ ಬುಡದ ಊರು ಆತಕರವಾಡಿಗೆ ಬಂದೆ, ಗಾಡಿ ತೆಗೆದೆ. 15ನೇ ತಾರೀಖು ಶುಕ್ರವಾರ ಬಂದಿದ್ದರಿಂದ ಮೂರು ದಿನದ ರಜೆ, ಇಡೀ ಪುಣೆಯೇ ಮಳೆ ನೋಡಲು ಸಿಂಹಗಡಕ್ಕೆ ಹೊರಟ ಹಾಗಿತ್ತು. ಖಡಕವಾಸಲಾ ಅಣೆಕಟ್ಟು ದಾಟುವುದಕ್ಕೇ ಒಂದು ತಾಸು ಹಿಡಿಯಿತು. ಮನೆ ಮುಟ್ಟಿದಾಗ ಹತ್ತೂವರೆ ಆಗಿತ್ತು.

ಅತ್ತೆಗೆ 74 ವರ್ಷ, ಎರಡೂ ಮಂಡಿ ನೋವು. ಸ್ಲೀಪರ್ ಬಸ್ಸಿನ ಬರ್ತ್ ಹತ್ತುವುದು ಅವರಿಂದ ಆಗದ ಮಾತು. ರೈಲಾದರೆ ಕಾಲು ಚಾಚಿ ಮಲಗುತ್ತಾರೆ, ಬೆಳಿಗ್ಗೆ ಧಾರವಾಡ. ವರ್ಷಕ್ಕೆ ಒಂದೇ ಸಲ ಅವರು ಊರಿಗೆ ಹೋಗುವುದು, ಅದೂ ದೀಪಾವಳಿಗೆ. ಟಿಕೆಟ್ ಸಿಗಲಿಲ್ಲ ಅಂದಾಗ ಅವರು, ‘ಇರ್ಲಿ ಬಿಡವಾ, ಕಾರಿನ್ಯಾಗ ಹೋದ್ರಾತು’ ಅಂದು ಒಳಗೆ ಹೋದರು. ಮನೆಯವರು ಏನೂ ಅನ್ನಲಿಲ್ಲ. ಆ ಮೌನ ಸಂಜೆವರೆಗೂ ಇತ್ತು.

ಮೊದಲು ನನ್ನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ನನಗೆ 42. ಹುಟ್ಟಿದ್ದು ಧಾರವಾಡ, ಮದುವೆಯಾಗಿ ಪುಣೆಗೆ ಬಂದು 16 ವರ್ಷ ಆಯಿತು. ಮನೆ ವಡಗಾವ್ ಬುದ್ರುಕ್‌ನಲ್ಲಿ, ಸಿಂಹಗಡ ರಸ್ತೆಯಿಂದ ಒಳಗೆ. ಒಂದು ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ. ಮಗಳು ಒಂಬತ್ತನೇ ತರಗತಿ, ಮಗ ಮೂರನೇದು. ಕೋವಿಡ್ ಆದಮೇಲೆ ಓಡಲು ಶುರು ಮಾಡಿದೆ. ಮೊದಲು ರಸ್ತೆ ಓಟ, 5 ಕಿ.ಮೀ., 10, ಆಮೇಲೆ ಹಾಫ್ ಮ್ಯಾರಥಾನ್. 2025ರ ಜುಲೈನಲ್ಲಿ ಮೊದಲ ಸಲ ಬೆಟ್ಟದ ಓಟಕ್ಕೆ ಹೆಸರು ಕೊಟ್ಟೆ. ಸಹ್ಯಾದ್ರಿಯಲ್ಲಿ 25 ಕಿ.ಮೀ., ಒಟ್ಟು ಏರು ಸುಮಾರು 1,200 ಮೀಟರ್, ಡಿಸೆಂಬರ್ 14ಕ್ಕೆ. ನನಗೆ ಈ ಓಟ ಬೇಕೇ ಬೇಕಿತ್ತು. ದಿನವಿಡೀ ಬೇರೆಯವರ ಲೆಕ್ಕ ನೋಡುವವಳು ನಾನು. ಬೆಟ್ಟದ ಮೇಲೆ ಮುಂದಿನ ಹೆಜ್ಜೆ ಎಲ್ಲಿಡಬೇಕು ಅನ್ನುವುದು ಬಿಟ್ಟರೆ ಬೇರೆ ಏನೂ ತಲೆಯಲ್ಲಿ ಇರುವುದಿಲ್ಲ. ಅದು ಎಂಥ ಹಗುರ ಅಂದರೆ, ಅನುಭವಿಸಿದವರಿಗೇ ಗೊತ್ತು.

ಆ ಭಾನುವಾರ ರಾತ್ರಿ ಮಕ್ಕಳು ಮಲಗಿದ ಮೇಲೆ ಮನೆಯವರು ಬಾಯಿ ಬಿಟ್ಟರು.

‘ನೀ ಓಡು, ನಾ ಎಂದೂ ಬ್ಯಾಡ ಅಂದಿಲ್ಲ. ಆದ್ರ ನೀ ಮೂರು ತಾಸು ಅಂತೀ. ನಮಗ ಇಡೀ ಭಾನುವಾರ ಹೋಗ್ತದ.’

ನನಗೆ ಸಿಟ್ಟು ಬಂತು. ಮೂರು ತಾಸೇ ಅಲ್ವಾ ಓಡಿದ್ದು? ಗಡಿಯಾರದಲ್ಲಿ ದಾಖಲಾಗಿದೆ. ಆದರೂ ಮಾರನೇ ದಿನ ಆಫೀಸಿನಲ್ಲಿ ಊಟದ ಹೊತ್ತಿಗೆ ಒಂದು ಹಾಳೆ ತೆಗೆದುಕೊಂಡು ಬರೆದೆ. ಲೆಕ್ಕ ನನ್ನ ಕೆಲಸ, ಅದನ್ನು ಮೋಸ ಇಲ್ಲದೆ ಮಾಡಬೇಕು. ಬೆಳಿಗ್ಗೆ 5ಕ್ಕೆ ಮನೆ ಬಿಟ್ಟೆ. 5:45ಕ್ಕೆ ಆತಕರವಾಡಿ. 6ರಿಂದ 9 ಓಟ. ಚಹಾ, ಬಟ್ಟೆ ಬದಲಾವಣೆ, ವಾಪಸ್ ಬರುವಾಗ ಟ್ರಾಫಿಕ್, ಮಾಮೂಲಿ ಭಾನುವಾರವಾದರೂ ಮನೆ ಸೇರುವಾಗ 10:15. ಸ್ನಾನ, ಊಟ. ಆಮೇಲೆ 12ರಿಂದ 2ರವರೆಗೆ ಸತ್ತಹಾಗೆ ನಿದ್ದೆ. ಆ ಹೊತ್ತಿನಲ್ಲಿ ಮನೆಯಲ್ಲಿ ಟಿವಿ ಹಾಕುವ ಹಾಗಿಲ್ಲ, ಮಗ ಚೆಂಡು ಆಡುವ ಹಾಗಿಲ್ಲ. ಕೂಡಿಸಿದರೆ ಏಳು ತಾಸು ದಾಟಿತು. ಇನ್ನು ಶನಿವಾರ ರಾತ್ರಿ 9ಕ್ಕೇ ನಾನು ಮಲಗುತ್ತಿದ್ದೆ, ಅಂದರೆ ಶನಿವಾರ ಸಂಜೆ ಹೊರಗೆ ಊಟಕ್ಕೆ, ನೆಂಟರ ಮನೆಗೆ, ಕನ್ನಡ ಸಂಘದ ಕಾರ್ಯಕ್ರಮಕ್ಕೆ, ಎಲ್ಲೂ ಇಲ್ಲ. ಅದನ್ನು ಬರೆದೇ ಇರಲಿಲ್ಲ ನಾನು.

ಆ ಹಾಳೆ ಮನೆಗೆ ತಂದು ಮೇಜಿನ ಮೇಲೆ ಇಟ್ಟೆ. ‘ನೀವು ಹೇಳಿದ್ದು ಖರೇ ಅದ ರೀ’ ಅಂದೆ. ಅವರು ಓದಿ, ಪೆನ್ನು ತೆಗೆದುಕೊಂಡು ಕೆಳಗೆ ಒಂದು ಸಾಲು ಸೇರಿಸಿದರು: ‘ಸೋಮವಾರದ ಸಿಟ್ಟು.’ ಅದೂ ನಿಜವೇ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಅಡುಗೆಮನೆಯ ಗೋಡೆಗೆ ನಮ್ಮಲ್ಲಿ ಯಾವಾಗಲೂ ಕನ್ನಡ ಕಾಲನಿರ್ಣಯ ಇರುತ್ತದೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಏಕಾದಶಿ ಎಲ್ಲ ಅದರಲ್ಲೇ. ನನ್ನ ತರಬೇತಿಯ ಪಟ್ಟಿ ಮಾತ್ರ ನನ್ನ ಫೋನಿನಲ್ಲಿ ಇತ್ತು, ಯಾರಿಗೂ ಕಾಣದ ಹಾಗೆ. ಅವತ್ತು ಆ ಕ್ಯಾಲೆಂಡರ್ ಇಳಿಸಿ ಐದೂ ಜನ ಕೂತೆವು. ಮೊದಲು ಮನೆಯ ದಿನಗಳನ್ನು ಬರೆದೆವು. ಆಗಸ್ಟ್ 27 ಗಣಪತಿ. 31ರ ಭಾನುವಾರ ಜ್ಯೇಷ್ಠಾ ಗೌರಿ ಬರುವ ದಿನ. ಆಮೇಲೆ ದಸರಾ, ಮಗಳ ಪರೀಕ್ಷೆ, ದೀಪಾವಳಿ, ಧಾರವಾಡ. ಡಿಸೆಂಬರ್‌ಗೆ ಬಂದಾಗ ಅತ್ತೆ ಬೆರಳಿಟ್ಟು, ‘ಇದು ಸವಾಯಿ ಅಲ್ಲೇನು?’ ಅಂದರು. ಎದೆ ಧಸಕ್ ಅಂತು. ಸವಾಯಿ ಗಂಧರ್ವ ಭೀಮಸೇನ ಮಹೋತ್ಸವದ ಕೊನೆಯ ದಿನವೂ ನನ್ನ ಓಟದ ದಿನವೂ ಒಂದೇ ಆಗಿತ್ತು.

ಪುಣೆಯ ಹೊರಗಿನವರಿಗೆ ಇದು ದೊಡ್ಡದು ಅನ್ನಿಸಲಿಕ್ಕಿಲ್ಲ. ಅತ್ತೆಯ ತವರು ಕುಂದಗೋಳ. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು. ಅವರ ಶಿಷ್ಯ, ನಮ್ಮ ಗದಗಿನ ಭೀಮಸೇನ ಜೋಶಿಯವರು ಗುರುವಿನ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಈ ಉತ್ಸವ ಶುರು ಮಾಡಿದರು. ಅತ್ತೆಗೆ ಅದು ಸಂಗೀತ ಅಷ್ಟೇ ಅಲ್ಲ, ತಮ್ಮ ಊರಿನ ಹೆಸರು ಇಷ್ಟು ದೂರದಲ್ಲಿ ಸಾವಿರಾರು ಜನರ ಬಾಯಲ್ಲಿ ಬರುವುದನ್ನು ಕೇಳುವ ಸಂದರ್ಭ. ಮಂಡಿ ನೋವಿದ್ದರೂ ಒಂದು ವರ್ಷವೂ ತಪ್ಪಿಸಿಲ್ಲ. ಕರೆದುಕೊಂಡು ಹೋಗುವುದು, ಮಧ್ಯೆ ಎಬ್ಬಿಸಿ ನಡೆಸುವುದು, ಡಬ್ಬಿ ಕಟ್ಟುವುದು, ಇದೆಲ್ಲ ನಾನೂ ಮನೆಯವರೂ ಹಂಚಿಕೊಂಡು ಮಾಡುವುದು. ಓಟಕ್ಕೆ ಹೆಸರು ಕೊಡುವಾಗ ತಾರೀಖು ನೋಡಿದ್ದೆ, ಸವಾಯಿ ನೆನಪಾಗಿರಲಿಲ್ಲ. ‘ಮಧ್ಯಾಹ್ನದೊಳಗ ಓಟ ಮುಗೀತದ, ಸಂಜಿಗೆ ನಾ ಬಂದೇ ಬರ್ತೀನಿ’ ಅಂತ ಅಲ್ಲೇ ಬರೆದು ಸುತ್ತು ಹಾಕಿದೆ.

ಆಮೇಲೆ ಉಳಿದ ಖಾಲಿ ಜಾಗದಲ್ಲಿ ನನ್ನ ಓಟಗಳನ್ನು ತುಂಬಿದೆ. ತರಬೇತಿಯಲ್ಲಿ ಹೇಗೂ ಮೂರು ವಾರ ಓಟದ ಪ್ರಮಾಣ ಏರಿಸಿ ನಾಲ್ಕನೇ ವಾರ ಇಳಿಸುವ ಪದ್ಧತಿ ಇದೆ, ಮೈಗೆ ಸುಧಾರಿಸಿಕೊಳ್ಳಲು. ಆ ಇಳಿಸುವ ವಾರ ಇಂಥದ್ದೇ ಆಗಬೇಕು ಅಂತ ಏನೂ ಇಲ್ಲ. ಹಾಗಾಗಿ ಗೌರಿ-ಗಣಪತಿಯ ವಾರವೇ ಒಂದು ಇಳಿಕೆ, ಮಗಳ ಪರೀಕ್ಷೆಯ ವಾರ ಇನ್ನೊಂದು, ದೀಪಾವಳಿ ಮತ್ತೊಂದು. ಗೌರಿಯ ಭಾನುವಾರ ನಾನು ಒಂದು ಹೆಜ್ಜೆಯೂ ಓಡಲಿಲ್ಲ, ಬೆಳಿಗ್ಗೆಯಿಂದ ಹೋಳಿಗೆ ಬೇಯಿಸಿದೆ, ಮತ್ತು ಮನಸ್ಸಿನಲ್ಲಿ ‘ಒಂದು ಲಾಂಗ್ ರನ್ ಹೋಯಿತು’ ಅನ್ನುವ ಚಡಪಡಿಕೆ ಇರಲಿಲ್ಲ. ಅದು ಪಟ್ಟಿಯಲ್ಲೇ ಇದ್ದ ವಿಶ್ರಾಂತಿ. ಇಷ್ಟು ಸಣ್ಣ ಬದಲಾವಣೆಗೆ ಇಷ್ಟು ನೆಮ್ಮದಿ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ.

ಎರಡನೆಯದಾಗಿ, ಪ್ರತಿ ಭಾನುವಾರ ಸಿಂಹಗಡಕ್ಕೆ ಗಾಡಿ ಓಡಿಸುವುದನ್ನು ನಿಲ್ಲಿಸಿದೆ. ತಿಂಗಳಿಗೆ ಎರಡೇ ಸಲ. ಏರು ಬೇಕು ಅಂದರೆ ಊರೊಳಗೇ ಪರ್ವತಿ ಗುಡ್ಡ ಇದೆ. ಪೇಶ್ವೆ ನಾನಾಸಾಹೇಬರು ಕಟ್ಟಿಸಿದ ಗುಡಿ, 103 ಮೆಟ್ಟಿಲು, ಅಗಲವಾದ ಕಲ್ಲಿನ ಮೆಟ್ಟಿಲು. ಮಂಗಳವಾರ ನಸುಕಿನಲ್ಲಿ ಹೋಗಿ ಹತ್ತು ಸಲ ಹತ್ತಿ ಇಳಿಯುತ್ತಿದ್ದೆ, ಏಳರೊಳಗೆ ಮನೆ. ಅಲ್ಲಿ ಮುದುಕರು ಕೈಯಲ್ಲಿ ಕೋಲು ಹಿಡಿದು ದಿನಾ ಹತ್ತುತ್ತಾರೆ. ಒಬ್ಬ ಅಜ್ಜ ನಾನು ಎಷ್ಟನೇ ಸುತ್ತು ಅಂತ ಎಣಿಸಿ ಮರಾಠಿಯಲ್ಲಿ ಕೂಗಿ ಹೇಳುತ್ತಿದ್ದರು, ‘ಸಾತ್ ಝಾಲೇ!’ ಅಂತ. ಗುರುವಾರ ತಳಜಾಯಿ ಟೇಕಡಿ, ಅಂದರೆ ಗುಡ್ಡ, ಮಣ್ಣಿನ ದಾರಿ, ಮರದ ನೆರಳು, ನವಿಲು ಕೂಗುವುದು ಕೇಳುತ್ತದೆ. ನಿಧಾನಕ್ಕೆ 8 ಕಿ.ಮೀ. ಬುಧವಾರ ರಾತ್ರಿ ಮನೆಯಲ್ಲೇ ಸ್ಟೂಲ್ ಹತ್ತಿ ಇಳಿಯುವುದು, ಬೈಠಕ್ ಹೊಡೆಯುವುದು, ಮಗನೂ ಜೊತೆಗೆ. ಮಂಗಳವಾರ, ಗುರುವಾರ ಮಕ್ಕಳ ಡಬ್ಬಿ ಮನೆಯವರದು. ಎರಡು ದಿನವೂ ಹಚ್ಚಿದ ಅವಲಕ್ಕಿ. ಮೂರನೇ ವಾರಕ್ಕೆ ಮಗಳೇ ಎದ್ದು ಪರಾಠಾ ಮಾಡಲು ಕಲಿತಳು.

ಈಗ ಸೋಮವಾರದ ಸಿಟ್ಟು. ಬೆಟ್ಟದ ಓಟದಲ್ಲಿ ಏರುವುದು ಕಷ್ಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಏರಿನಲ್ಲಿ ಉಸಿರು ಹೋಗುತ್ತದೆ, ನಿಜ, ಆದರೆ ಐದು ನಿಮಿಷ ನಿಂತರೆ ಉಸಿರು ವಾಪಸ್ ಬರುತ್ತದೆ. ಕಾಲನ್ನು ಕೆಡಿಸುವುದು ಇಳಿಜಾರು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಬ್ರೇಕಿನ ಹಾಗೆ ಕೆಲಸ ಮಾಡುತ್ತದೆ, ಅಂದರೆ ಉದ್ದಕ್ಕೆ ಎಳೆದುಕೊಳ್ಳುತ್ತಲೇ ಬಲ ಹಾಕಬೇಕು. ಅದರಿಂದ ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ. ನೋವು ಅವತ್ತು ಗೊತ್ತಾಗುವುದಿಲ್ಲ. ಮಾರನೇ ದಿನ ಶುರುವಾಗಿ, ಎರಡನೇ ದಿನ ಇನ್ನೂ ಜಾಸ್ತಿ. ಸಿಂಹಗಡ ಆತಕರವಾಡಿಯಿಂದ ಸುಮಾರು 600 ಮೀಟರ್ ಏರು, ದಾರಿ ಮೂರು ಕಿಲೋಮೀಟರಿಗೂ ಕಡಿಮೆ. ಅಷ್ಟು ಕಡಿದಾದದ್ದನ್ನು ಎರಡು ಸಲ ಇಳಿದರೆ ಸೋಮವಾರ ಆಫೀಸಿನ ಮೆಟ್ಟಿಲು ಇಳಿಯುವಾಗ ಕಣ್ಣಲ್ಲಿ ನೀರು. ಮನೆಗೆ ಬಂದರೆ ಮಗ ತೊಡೆ ಮೇಲೆ ಬಂದು ಕೂರುತ್ತಾನೆ, ನಾನು ಚೀರುತ್ತೇನೆ. ಪಾಪ ಅವನಿಗೇನು ಗೊತ್ತು.

ಅನುಭವ ಇದ್ದ ಗೆಳತಿಯೊಬ್ಬರು ಹೇಳಿದ ಮೇಲೆ ಗೊತ್ತಾಯಿತು, ಕಡಿದಾದ ಇಳಿಜಾರನ್ನು ವಾರ ವಾರ ಮಾಡಬೇಕಾಗಿಲ್ಲ. ಒಂದು ಸಲ ಪೆಟ್ಟು ತಿಂದು ಸರಿಯಾದ ಸ್ನಾಯು ಅದನ್ನು ಕೆಲವು ವಾರ ನೆನಪಿಟ್ಟುಕೊಳ್ಳುತ್ತದೆ, ಮುಂದಿನ ಸಲ ಅಷ್ಟು ನೋಯುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಸಾಕು. ಹಾಗೇ ಹೆಜ್ಜೆ ಚಿಕ್ಕದು ಇಡಬೇಕು, ಮೈ ಹಿಂದಕ್ಕೆ ವಾಲಿಸಬಾರದು, ಕಣ್ಣು ಪಾದದ ಮೇಲಲ್ಲ, ನಾಲ್ಕು ಹೆಜ್ಜೆ ಮುಂದೆ ಇರಬೇಕು. ಮಳೆಗಾಲ ಮುಗಿದ ಮೇಲೆ ಸಹ್ಯಾದ್ರಿಯ ಇಳಿಜಾರಿನಲ್ಲಿ ಒಣಮಣ್ಣು, ಸಣ್ಣ ಕಲ್ಲು ಸೇರಿ ಜಾರುತ್ತದೆ, ಇಲ್ಲಿಯವರು ಅದಕ್ಕೆ ಘಸಾರಾ ಅನ್ನುತ್ತಾರೆ. ಘಸಾರಾದ ಮೇಲೆ ಹಿಮ್ಮಡಿ ಊರಿ ಬ್ರೇಕ್ ಹಾಕಿದರೆ ಬಿದ್ದಹಾಗೇ. ಇದನ್ನು ಕಲಿಯಲು ನನಗೆ ಅಕ್ಟೋಬರ್ ಪೂರ್ತಿ ಬೇಕಾಯಿತು.

ಸೆಪ್ಟೆಂಬರ್ ಕೊನೆಯ ವಾರ, ನವರಾತ್ರಿಯ ಒಂದು ಶನಿವಾರ. ಅತ್ತೆ ಹೂಬತ್ತಿ ಮಾಡುತ್ತಾ ಕೂತಿದ್ದರು. ಸುಮ್ನೆ ಮಾತಿಗೆ ಅಂದಹಾಗೆ ಅಂದರು, ‘ಅಂವ ಹಾಡೂದು ಬಿಟ್ಟು ಎರಡು ತಿಂಗಳಾತು. ನಿನಗ ಗೊತ್ತಿಲ್ಲೇನು?’

ಮನೆಯವರು ನಾಲ್ಕು ವರ್ಷದಿಂದ ಸದಾಶಿವ ಪೇಠೆಯಲ್ಲಿ ಒಬ್ಬ ಗುರುಗಳ ಹತ್ತಿರ ಶನಿವಾರ ಸಂಜೆ ಗಾಯನ ಕಲಿಯುತ್ತಿದ್ದರು. ನಾನು 9ಕ್ಕೆ ಮಲಗಬೇಕು, ಅದಕ್ಕೆ ಊಟ ಏಳೂವರೆಗೆ ಆಗಬೇಕು, ಮಕ್ಕಳನ್ನು ನೋಡಿಕೊಳ್ಳಬೇಕು ಅಂತ ಜುಲೈನಿಂದಲೇ ಹೋಗುವುದನ್ನು ಬಿಟ್ಟಿದ್ದರು. ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಶನಿವಾರ ಸಂಜೆ ಅವರು ಮನೆಯಲ್ಲಿ ಇದ್ದದ್ದನ್ನು ಹತ್ತು ವಾರ ಕಣ್ಣಾರೆ ನೋಡಿದ್ದೆ, ಅಂದರೆ ಏನು ಅಂತ ಒಮ್ಮೆಯೂ ಯೋಚಿಸಿರಲಿಲ್ಲ. ಟಿಕೆಟ್ ತಪ್ಪಿದ್ದಕ್ಕಿಂತ ಇದು ನನಗೆ ಹೆಚ್ಚು ನೋವು ಕೊಟ್ಟಿತು. ಟಿಕೆಟ್ ಹೋಗಿದ್ದು ಎಲ್ಲರಿಗೂ ಕಂಡಿತ್ತು. ಇದು ಯಾರಿಗೂ ಕಾಣದ ಹಾಗೆ ಹೋಗಿತ್ತು, ಆ ಹಾಳೆಯಲ್ಲೂ ಅವರು ಇದನ್ನು ಬರೆದಿರಲಿಲ್ಲ.

ರಾತ್ರಿ ಕೇಳಿದೆ. ‘ಡಿಸೆಂಬರ್ ಆದ್ಮ್ಯಾಲೆ ಹೋಗ್ತೀನಿ ಬಿಡು’ ಅಂದರು. ‘ಇಲ್ರಿ, ಬರೂ ಶನಿವಾರನ ಹೋಗ್ಬೇಕು’ ಅಂದೆ. ಮುಂದಿನ ವಾರದಿಂದ ಶನಿವಾರದ ಅಡುಗೆ ನಾಲ್ಕು ಗಂಟೆಗೇ ಮುಗಿಸತೊಡಗಿದೆ. ಅವರು ಐದೂವರೆಗೆ ಹೊರಡುವರು. ಮಕ್ಕಳು, ಅತ್ತೆ, ನಾನು ಏಳಕ್ಕೆ ಉಣ್ಣುವುದು. ಅವರು ಬರುವಾಗ ನಾನು ಮಲಗಿರುತ್ತಿದ್ದೆ. ಕೆಲವು ಸಲ ಅರೆನಿದ್ದೆಯಲ್ಲಿ ಅಡುಗೆಮನೆಯಿಂದ ಸಣ್ಣ ದನಿಯಲ್ಲಿ ಯಮನ್ ರಾಗ ಕೇಳಿಸುತ್ತಿತ್ತು, ತಟ್ಟೆ ತೊಳೆಯುವ ಸದ್ದಿನ ಜೊತೆ.

ಅಕ್ಟೋಬರ್ 5ರ ಭಾನುವಾರದ ಬಗ್ಗೆ ಹೇಳಲೇಬೇಕು. ಅವತ್ತಿನ ಲಾಂಗ್ ರನ್ ಮನೆಯ ತಿರುಗಾಟವೂ ಆಯಿತು. ನಾನು ಬೆಳಿಗ್ಗೆ ಐದಕ್ಕೆ ಹೋಗಿ ಆತಕರವಾಡಿಯಿಂದ ಒಂದು ಸಲ ಹತ್ತಿ ಇಳಿದು, ಎರಡನೇ ಸಲ ಹತ್ತುವಷ್ಟರಲ್ಲಿ ಇವರೆಲ್ಲ ಕಾರಿನಲ್ಲಿ ಘಾಟ್ ರಸ್ತೆ ಹಿಡಿದು ಮೇಲೆ ಬಂದಿದ್ದರು. ಮಂಜು ಹೋಗಿ ಬಿಸಿಲು ಬಿದ್ದಿತ್ತು. ಕೆಳಗೆ ಖಡಕವಾಸಲಾದ ನೀರು ತುಂಬಿ ಹೊಳೆಯುತ್ತಿತ್ತು. ಒಂದು ಚಪ್ಪರದ ಕೆಳಗೆ ಕೂತು ಪಿಠಲಾ ಭಾಕರಿ, ಕಾಂದಾ ಭಜಿ, ಮಣ್ಣಿನ ಕುಡಿಕೆಯ ಮೊಸರು. ಅತ್ತೆ ಭಾಕರಿ ಬಡಿಯುವ ಹೆಂಗಸಿನ ಹತ್ತಿರ ಕೂತು, ತಮ್ಮ ಅರ್ಧಂಬರ್ಧ ಮರಾಠಿಯಲ್ಲಿ ಜೋಳದ ರೊಟ್ಟಿಗೂ ಇದಕ್ಕೂ ಹದ ಹೇಗೆ ಬೇರೆ ಅಂತ ಅರ್ಧ ಗಂಟೆ ಮಾತಾಡಿದರು. ಮಗನಿಗೆ ತಾನಾಜಿಯ ಕಥೆ ಶಾಲೆಯಲ್ಲಿ ಬಂದಿತ್ತು, 1670, ರಾತ್ರಿ, ಕಡಿದಾದ ಬಂಡೆ, ಹಗ್ಗ. ಸಮಾಧಿಯ ಮುಂದೆ ನಿಂತು ಕೇಳಿದ, ‘ಅಮ್ಮ, ತಾನಾಜಿಗೆ ಹತ್ತಾಕ ಎಷ್ಟು ಹೊತ್ತು ಹಿಡೀತು? ನಿನಗ ಎಷ್ಟು ಹಿಡೀತು?’ ನನಗೆ 52 ನಿಮಿಷ ಅಂದೆ. ಅವನು ಅದನ್ನು ಸೋಮವಾರ ಶಾಲೆಯಲ್ಲಿ ಎಲ್ಲರಿಗೂ ಹೇಳಿದನಂತೆ. ಕೆಳಗೆ ಹೋಗುವಾಗ ಮಗಳು ನನ್ನ ಜೊತೆ ನಡೆದು ಇಳಿದಳು. ಎರಡು ತಾಸು. ಅಷ್ಟು ಉದ್ದಕ್ಕೂ ಅವಳು ನನ್ನ ಹತ್ತಿರ ಮಾತಾಡಿ ಎಷ್ಟು ದಿನವಾಗಿತ್ತೋ.

ಇನ್ನು ದೀಪಾವಳಿ. ವೇಟಿಂಗ್ ಲಿಸ್ಟ್ ಕೊನೆಗೂ ಕ್ಲಿಯರ್ ಆಗಲಿಲ್ಲ. 17ರ ಬೆಳಿಗ್ಗೆ ಕಾರಿನಲ್ಲಿ ಹೊರಟೆವು. ಸಾತಾರಾ, ಕರಾಡ್, ಕೊಲ್ಹಾಪುರ, ಬೆಳಗಾವಿ. ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿತ್ತು, ಅಲ್ಲಲ್ಲಿ ದಾರಿ ತಿರುಗಿಸಿದ್ದರು, ಹಬ್ಬದ ಗಾಡಿಗಳ ಸಾಲು. ಎರಡು ತಾಸಿಗೊಮ್ಮೆ ನಿಲ್ಲಿಸಿ ಅತ್ತೆಯನ್ನು ಇಳಿಸಿ ನಡೆಸುತ್ತಿದ್ದೆವು. ಧಾರವಾಡ ಮುಟ್ಟಿದಾಗ ರಾತ್ರಿ 8. ಅವರ ಮಂಡಿ ಬಾತಿತ್ತು. ಮಾರನೇ ಎರಡು ದಿನ ನಾನು ಓಡಲು ಹೋಗಲಿಲ್ಲ. ಬಿಸಿನೀರಿನ ಚೀಲ ಇಟ್ಟು, ಎಣ್ಣೆ ಕಾಯಿಸಿ ತಿಕ್ಕುತ್ತಾ ಕೂತೆ. ಅವರು ಒಮ್ಮೆಯೂ ಟಿಕೆಟ್ಟಿನ ಮಾತು ಎತ್ತಲಿಲ್ಲ. ‘ನಾಳೆ ಓಡಾಕ ಹೋಗವಾ, ನಿನ್ನ ಪಟ್ಟಿ ತಪ್ಪತದ’ ಅಂದರು. ಮೂರನೇ ದಿನ ನಸುಕಿನಲ್ಲಿ ಎದ್ದು ನುಗ್ಗಿಕೇರಿ ಹನುಮಪ್ಪನ ಗುಡಿವರೆಗೆ ಓಡಿ ಬಂದೆ. ಅವರ ಮಂಡಿಗಾಗಿ ಕೈಮುಗಿದು ಬಂದೆ.

ಪಾಡ್ಯ ಮುಗಿಸಿ 23ಕ್ಕೆ ಗೋಕರ್ಣ, ಎರಡು ರಾತ್ರಿ. ಮಕ್ಕಳಿಗೆ ಸಮುದ್ರ, ಅತ್ತೆಗೆ ಮಹಾಬಲೇಶ್ವರ, ಮನೆಯವರಿಗೆ ಏನೂ ಮಾಡದೆ ಕೂರುವುದು. ನನ್ನ ಪಟ್ಟಿಯಲ್ಲಿ ಎರಡೂವರೆ ತಾಸಿನ ಒಂದೇ ಓಟ ಉಳಿದಿತ್ತು. ಜಾಗ ಆರಿಸುವಾಗಲೇ ಇದನ್ನು ಯೋಚಿಸಿದ್ದೆವು: ಎಲ್ಲರಿಗೂ ಬೇಕಾದದ್ದು ಇರಬೇಕು, ಮತ್ತು ನಾನು ಕೋಣೆಯ ಬಾಗಿಲು ತೆರೆದರೆ ದಾರಿ ಅಲ್ಲೇ ಇರಬೇಕು, ಗಾಡಿ ತೆಗೆಯುವ ಹಾಗಿರಬಾರದು. ಕುಡ್ಲೆ ದಂಡೆಯ ಹತ್ತಿರ ಉಳಿದುಕೊಂಡೆವು. ಬೆಳಕು ಹರಿಯುತ್ತಿದ್ದಂತೆ ಹೊರಟೆ. ಕುಡ್ಲೆಯಿಂದ ಗುಡ್ಡ ಹತ್ತಿ ಓಂ ದಂಡೆ, ಅಲ್ಲಿಂದ ಬಂಡೆಯ ಅಂಚಿನ ಕಾಲುದಾರಿಯಲ್ಲಿ ಹಾಫ್ ಮೂನ್, ಮತ್ತೆ ಹತ್ತಿ ಪ್ಯಾರಡೈಸ್. ಹುಲ್ಲು ಸೊಂಟದವರೆಗೆ ಬೆಳೆದಿತ್ತು, ಕೆಂಪು ಕಲ್ಲು ಒದ್ದೆಯಾಗಿ ಜಾರುತ್ತಿತ್ತು, ಓಡಿದ್ದಕ್ಕಿಂತ ನಡೆದದ್ದು ಜಾಸ್ತಿ. ಒಂದು ಕಡೆ ಸಮುದ್ರ ಕೆಳಗೆ ಬಂಡೆಗೆ ಬಡಿಯುವ ಸದ್ದು ಎದೆಯೊಳಗೆ ಕೇಳುವಷ್ಟು ಹತ್ತಿರ. ವಾಪಸ್ ಬಂದಾಗ ಎಂಟೂವರೆ, ಮಕ್ಕಳು ಆಗ ತಾನೇ ಕಣ್ಣು ಉಜ್ಜುತ್ತಾ ಹೊರಗೆ ಬಂದಿದ್ದರು. ಬೂಟು ಬಿಚ್ಚಿ ನೇರವಾಗಿ ಅವರ ಜೊತೆ ನೀರಿಗೆ ಇಳಿದೆ. ಅವತ್ತು ಮನೆಯ ಲೆಕ್ಕಕ್ಕೂ ಎರಡೂವರೆ ತಾಸೇ.

ಓಡುವಾಗ ಏನು ತಿನ್ನುವುದು ಅನ್ನುವ ಪ್ರಶ್ನೆಯೂ ಧಾರವಾಡದಲ್ಲೇ ಬಗೆಹರಿಯಿತು. ಓಡುವವರು ಶಕ್ತಿಗೆ ಅಂತ ತಿನ್ನುವ ಅಂಗಡಿಯ ಜೆಲ್ ನನ್ನ ಹೊಟ್ಟೆಗೆ ಆಗುತ್ತಿರಲಿಲ್ಲ, ಎರಡು ಸಲ ವಾಂತಿಯಾಗಿತ್ತು. ಅತ್ತೆ ಅಂಟಿನ ಉಂಡಿ ಮಾಡಿದರು. ಒಣಕೊಬ್ಬರಿ, ಉತ್ತತ್ತಿ, ಬೆಲ್ಲ, ತುಪ್ಪದಲ್ಲಿ ಕರಿದ ಅಂಟು. ಯಾವಾಗಲೂ ಮಾಡುವ ಗಾತ್ರದ ಅರ್ಧ, ಬಾಯಿಗೆ ಒಂದೇ ಸಲ ಹೋಗುವ ಹಾಗೆ. ನಲವತ್ತು ನಿಮಿಷಕ್ಕೆ ಒಂದು ಉಂಡಿ, ಎರಡು ಗುಟುಕು ಉಪ್ಪು-ಸಕ್ಕರೆ ನೀರು. ನವೆಂಬರ್‌ನ ಲಾಂಗ್ ರನ್‌ಗಳಲ್ಲಿ ಇದನ್ನೇ ಪರೀಕ್ಷೆ ಮಾಡಿದೆ, ಹೊಟ್ಟೆ ತಕರಾರು ಮಾಡಲಿಲ್ಲ. ಇದರಲ್ಲಿ ತುಪ್ಪ ಇರುವುದರಿಂದ ಜೋರಾಗಿ ಓಡುವವರಿಗೆ ಆಗಲಿಕ್ಕಿಲ್ಲ. ನನ್ನ ಹಾಗೆ ಏರಿನಲ್ಲಿ ಮಂಡಿಗೆ ಕೈ ಊರಿ ನಡೆಯುವವರಿಗೆ ಸರಿಹೋಗುತ್ತದೆ.

ನವೆಂಬರ್ ಬೇಗ ಕಳೆಯಿತು. ಚಳಿ ಬಂತು, ಕಾಲು ಗಟ್ಟಿಯಾದವು, ಒಂದು ನೆಗಡಿ ಬಂದು ಹೋಯಿತು. ಮಧ್ಯಾಹ್ನದ ನಿದ್ದೆಯನ್ನು ಅರ್ಧ ಗಂಟೆಗೆ ಇಳಿಸಿದೆ. ಓಡಿದ ತಕ್ಷಣ, ಗಾಡಿ ಹತ್ತುವ ಮುಂಚೆಯೇ ಡಬ್ಬಿಯ ಮೊಸರನ್ನ ತಿಂದರೆ ಮನೆಗೆ ಬಂದಾಗ ಅಷ್ಟು ಸುಸ್ತಾಗುವುದಿಲ್ಲ ಅಂತ ಗೊತ್ತಾಯಿತು. ಯಾಕೋ ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ.

ಡಿಸೆಂಬರ್ 14. ಬೆಳಿಗ್ಗೆ 6ಕ್ಕೆ ಶುರು. ತಲೆಗೆ ದೀಪ, ಬಾಯಲ್ಲಿ ಹೊಗೆಯ ಹಾಗೆ ಉಸಿರು. ಮೊದಲ ಏರಿನಲ್ಲೇ ಎಲ್ಲರೂ ಹಿಂದೆ ಹಾಕಿ ಹೋದರು, ನಾನು ನನ್ನ ಪಾಡಿಗೆ ನಡೆದೆ. 17ನೇ ಕಿಲೋಮೀಟರ್ ಹತ್ತಿರ ಒಂದು ಘಸಾರಾ, ಬಿಸಿಲು, ನೆರಳಿಲ್ಲ, ಮುಂದಿದ್ದ ಇಬ್ಬರು ಕೂತು ಜಾರುತ್ತಿದ್ದರು. ನಾನು ಚಿಕ್ಕ ಚಿಕ್ಕ ಹೆಜ್ಜೆ ಇಟ್ಟು, ಕಣ್ಣು ಮುಂದಿಟ್ಟು, ನಿಂತೇ ಇಳಿದೆ. ಆ ಇಳಿಜಾರಿನ ಕೊನೆಯಲ್ಲಿ ನನಗೆ ಅಳು ಬಂತು, ಖುಷಿಗೆ. ಒಟ್ಟು 5 ಗಂಟೆ 41 ನಿಮಿಷ. ಮನೆಗೆ ಫೋನ್ ಮಾಡಿದೆ. ಮಗ ಎತ್ತಿ, ‘ಅಜ್ಜಿ ಮತ್ತ ಅಪ್ಪ ಸವಾಯಿಗೆ ಹೋದ್ರು, ನೀ ಬರೂಮುಂದ ಶಾಲು ತರಬೇಕಂತ’ ಅಂದ.

ಐದೂವರೆಗೆ ಶಾಲು ಹಿಡಿದು ಹೋದೆ. ಇವರು ಅತ್ತೆಗೆ ಕುರ್ಚಿ ಹಿಡಿದಿದ್ದರು, ಪಕ್ಕದಲ್ಲಿ ನನಗೂ ಒಂದು. ಮೂರು ತಾಸು ಅಲುಗಾಡದೆ ಕೂತೆ, ಹಾಡು ಕೇಳುತ್ತಾ ನಡುವೆ ಒಮ್ಮೆ ಕಣ್ಣು ಮುಚ್ಚಿತ್ತು. ಮುಗಿದು ಏಳಲು ಹೋದರೆ ತೊಡೆ ಮಾತು ಕೇಳಲಿಲ್ಲ. ಅತ್ತೆ ತಮ್ಮ ಕೋಲನ್ನು ಎಡಗೈಗೆ ಬದಲಿಸಿ ಬಲಗೈ ಚಾಚಿದರು. ಹಿಡಿದು ಎದ್ದೆ.

ರಿಕ್ಷಾದಲ್ಲಿ ಬರುವಾಗ ಅವರು ಕೇಳಿದರು, ‘ಮುಂದಿನ ಓಟ ಯಾವಾಗವಾ? ಯಾವ ತಿಂಗಳು ಅಂತ ಹೇಳು. ನಂದು ಕಣ್ಣಿನ ಆಪರೇಷನ್ ಅದಕ್ಕಿಂತ ಮೊದಲ ಮಾಡ್ಸೂದೋ, ಆಮ್ಯಾಲೋ ನೋಡೂಣು.’

ಹೊಸ ವರ್ಷದ ಕಾಲನಿರ್ಣಯ ತಂದಿಟ್ಟಿದ್ದೆವು, ಇನ್ನೂ ಸುರುಳಿ ಬಿಚ್ಚಿರಲಿಲ್ಲ. ಮನೆಗೆ ಬಂದು, ಕಾಲು ತೊಳೆಯುವ ಮುಂಚೆ ಅದನ್ನು ಬಿಚ್ಚಿ ಜನವರಿಯ ಪುಟದಲ್ಲಿ ಸಂಕ್ರಾಂತಿಯ ಮುಂದಿನ ವಾರಕ್ಕೆ ‘ಅತ್ತೆಯ ಕಣ್ಣು’ ಅಂತ ಬರೆದೆ. ಕೆಳಗಿನ ಎರಡು ಭಾನುವಾರ ಖಾಲಿ ಬಿಟ್ಟೆ.